ಛಾಟ್ ಬಿದ್ದ ಬೀಡಿಗಳ ಲೆಕ್ಕ

ಸೋಲಾಪುರದ ಅಕ್ಕಲಕೋಟೆ ರಸ್ತೆಯ ಬಲಕ್ಕೆ
ಗಿರಣಿಯ ಗೋಡೆ ಮುಗಿದು ಗಟಾರು ಶುರುವಾಗುವಲ್ಲಿ
ಹನ್ನೆರಡು ಮನೆಗೆ ಹನ್ನೆರಡು ಥರ್ಮಾಮೀಟರು.
ಮೊಳೆ ನಾನೇ ಹೊಡೆದೆ.
ಎದೆಯೆತ್ತರಕ್ಕೆ, ಒಲೆಯಿಂದ ದೂರ, ಬಿಸಿಲು ತಾಗದ ಕಡೆ
ಎಂದು ಕಾಗದದಲ್ಲಿ ಬರೆದಿತ್ತು.
ಒಂದೇ ಖೋಲಿಯಲ್ಲಿ ಒಲೆಯಿಂದ ದೂರ ಅಂದರೆ
ಬಾಗಿಲ ಹೊರಗೆ.

"ಇದು ಜ್ವರ ನೋಡೂದಲ್ಲೇನ?" ಅಂದಳು ರಾಜವ್ವ.
ಹೌದವ್ವಾ, ಮನೀ ಜ್ವರ.
"ಮತ್ತ ಮನೀಗೆ ಬಾಯಿ ಎಲ್ಲೈತಿ, ಇಡಾಕ?"

ಮುಂಜಾನೆ ಏಳು, ಮಧ್ಯಾಹ್ನ ಎರಡು, ರಾತ್ರಿ ಹತ್ತು.
ಏಪ್ರಿಲ್ ಹದಿನೇಳರಿಂದ ನಲವತ್ತು ದಿನ.
ಓದಲು ಬಾರದವರಿಗೆ ಮಕ್ಕಳು ಓದಿ ಹೇಳಿದರು.
ಮಕ್ಕಳಿಲ್ಲದ ಸುಗಲಾಬಾಯಿ
ಗಾಜಿನೊಳಗಿನ ಕೆಂಪು ಎಳೆ ನಿಂತಲ್ಲಿ
ಕಾಡಿಗೆಯಿಂದ ಒಂದು ಗೆರೆ ಎಳೆದಳು, ದಿನಾ.
ಕೊನೆಕೊನೆಗೆ ನಲವತ್ಮೂರರ ಆಸುಪಾಸು
ಅಂಕಿಯೇ ಕಾಣುತ್ತಿರಲಿಲ್ಲ.

ನಾಲ್ಕನೆಯ ದಿನ ಮಾಬೂಬಿ ಫಾರ್ಮನ್ನು ಹಿಂದೆ ಮುಂದೆ ತಿರುವಿ
"ಇದರಾಗ ನಮ್ಮ ಬೀಡಿ ಎಲ್ಲದಾವ?" ಅಂದಳು.
ಸೆಕಿ ಎಷ್ಟಂತ ಗಾಜು ಯಾಕ ಕೇಳತಿ, ಎಲೀನ ಕೇಳು.
ನೆನೆಸಿ, ಗೋಣಿತಟ್ಟಿನಲ್ಲಿ ಸುತ್ತಿಟ್ಟರೂ
ಹನ್ನೊಂದರ ಹೊತ್ತಿಗೆ ಹಪ್ಪಳ.
ಮಡಚಿದರೆ ತುದಿ ಚಟ್ಟನೆ ಸೀಳುತ್ತದೆ.
ಸೀಳಿದ್ದನ್ನು ಕಾರ್ಖಾನೆಯ ಚೆಕ್ಕರು
ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತಾನೆ: ಛಾಟ್.
ಛಾಟಿಗೆ ಕೂಲಿಯಿಲ್ಲ,
ಕಡಿಮೆ ಬಿದ್ದ ಎಲೆಯನ್ನು ಕೊಂಡು ತುಂಬಬೇಕು.
ಫ್ಯಾನು ಹಾಕಿದರೆ ತಂಬಾಕು ಹಾರುತ್ತದೆ,
ಹಾಕದಿದ್ದರೆ ಬೆವರು ಮೊರಕ್ಕೆ.
ಥಂಡಿಯಲ್ಲಿ ಸಾವಿರಕ್ಕೆ ಮೂವತ್ತು ಛಾಟು,
ಮೇ ಬಂತೆಂದರೆ ನೂರಾ ನಲವತ್ತು.

ಹೀಗೆ ಎಂಟನೆಯ ಕಾಲಮ್ಮು ಬಂತು,
ಪೆನ್ಸಿಲಿನದು, ಸೊಟ್ಟಗೆ.
ಪುಣೆಯಿಂದ ಬಂದ ಮೇಡಂ ಅದನ್ನೇ ಬಹಳ ಹೊತ್ತು ನೋಡಿದರು.
"ಇದು ನಮಗೆ ಹೊಳೆದೇ ಇರಲಿಲ್ಲ" ಅಂದರು ಮರಾಠಿಯಲ್ಲಿ.
ನಾನು ರಾಜವ್ವನಿಗೆ ಕನ್ನಡದಲ್ಲಿ ಹೇಳಿದೆ,
ರಾಜವ್ವ ಪಕ್ಕದವಳಿಗೆ ತೆಲುಗಿನಲ್ಲಿ.
ಓಣಿಯ ತುದಿ ಮುಟ್ಟುವಾಗ ಮಾತು
"ಅವರಿಗೇನೂ ತಿಳೀವಲ್ದಂತ" ಎಂದಾಗಿತ್ತು.

ಎರಡನೆಯ ವಾರ ಆರು ಮನೆಗೆ ಸುಣ್ಣ.
ಪತ್ರಾಸಿನ ಮೇಲೆ ಬಿಳಿ, ಎರಡು ಕೈ.
ಉಳಿದಾರು ಇದ್ದಂತೆ ಇರಬೇಕು, ಹೋಲಿಸಿ ನೋಡಲಿಕ್ಕೆ.
ಚೀಟಿ ಎತ್ತಿದ್ದು ನಾನು.
ನಮ್ಮವ್ವನ ಖೋಲಿ ಉಳಿದಾರರಲ್ಲಿ ಬಿತ್ತು.

ಆ ರಾತ್ರಿ ಅವ್ವ ರೊಟ್ಟಿ ಬಡಿಸುತ್ತ ಕೇಳಿದಳು:
"ಪತ್ರಾಸಿನ ಮ್ಯಾಲ ಒಂದ ಕೊಡ ನೀರ ಒಗದರ
ನಿನ್ನ ಲೆಕ್ಕ ಕೆಡತೈತೇನ?"
ಕೆಡತೈತಿ, ಅಂದೆ.
ನಲವತ್ತನೆಯ ದಿನದವರೆಗೂ ಅವಳು ಒಗೆಯಲಿಲ್ಲ.
ನೀರು ಬರುವುದೇ ನಾಲ್ಕು ದಿನಕ್ಕೊಮ್ಮೆ, ಅದು ಬೇರೆ ಮಾತು.
ಅವಳು ಒಗೆಯಲಿಲ್ಲ.

ಸುಣ್ಣದ ಮನೆಗಳಲ್ಲಿ ನಾಲ್ಕು ಡಿಗ್ರಿ ಇಳಿಯಿತು.
ರಾಜವ್ವನ ಛಾಟು ನೂರಾ ಮೂವತ್ತರಿಂದ ಎಂಬತ್ತಕ್ಕೆ.
ಮೇಡಂ ಫೋಟೋ ತೆಗೆದರು, ಪೇಢೆ ತರಿಸಿದರು.
ಜೂನ್ ಒಂದಕ್ಕೆ ಖೋಲಿ ಮಾಲಕ ಬಂದು
ಗಾಡಿಯಿಂದ ಇಳಿಯದೆ ಸೂರಿನತ್ತ ಕತ್ತೆತ್ತಿ
"ಮನಿ ತಂಪಾಗೇತೆಲ್ಲ" ಅಂದ.
ಆರು ಮನೆಗೂ ತಿಂಗಳಿಗೆ ಮುನ್ನೂರು ಹೆಚ್ಚು.
ಐವತ್ತು ಬೀಡಿ ಉಳಿದದ್ದರಲ್ಲಿ
ಮುನ್ನೂರು ಹುಟ್ಟುತ್ತದೋ ಇಲ್ಲವೋ
ಬೆರಳು ಮಡಚಿ ಎಣಿಸುತ್ತ ಕೂತರು, ಜಗುಲಿಯುದ್ದಕ್ಕೂ.
ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಒಂಬತ್ತನೆಯ ಗೆರೆಯನ್ನು
ಮಾಬೂಬಿ ನನ್ನ ಕೈಯಿಂದ ಪೆನ್ಸಿಲು ಕಿತ್ತುಕೊಂಡು
ತಾನೇ ಎಳೆದಳು.

ಮಳೆ ಹಿಡಿಯುವ ಮುಂಚೆ ಥರ್ಮಾಮೀಟರು ಬಿಚ್ಚಿಕೊಂಡು ಬಂದೆ.
ಹನ್ನೊಂದು.
ಸುಗಲಾಬಾಯಿ ತನ್ನದನ್ನು ಕೊಡಲಿಲ್ಲ,
ಒಡೀತು ಅಂದಳು, ನಗಲಿಲ್ಲ, ನಾನೂ ಕೇಳಲಿಲ್ಲ.
ನಮ್ಮ ಮನೆಯ ಮೊಳೆಗೆ ಅವ್ವ ಎಲೆ ಕತ್ತರಿ ತೂಗುಹಾಕಿ
ಬೆನ್ನು ತಿರುಗಿಸಿಯೇ ಅಂದಳು:
"ಬರೂ ವರ್ಷ ಚೀಟಿ ನಾ ಎತ್ತತೀನಿ."